ಬೇಳೆ ಹೋಳಿಗೆ ಮನೆಗೆ, ಶೇಂಗಾ ಹೋಳಿಗೆ ಹಾದಿಗೆ: ಗುಡ್ಡಕ್ಕೆ ಬುತ್ತಿ ಕಟ್ಟುವ ಲೆಕ್ಕ

ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೊರಟ ದಿನ ಬೆಳಗಿನ ನಾಲ್ಕೂವರೆಗೆ ಅಡುಗೆಮನೆಯಲ್ಲಿ ನಿಂತಿದ್ದೆ. ಹಬ್ಬ ಮುಗಿದು ಒಂದೇ ದಿನ ಆಗಿತ್ತು. ಒಂದು ಡಬ್ಬಿಯಲ್ಲಿ ಬೇಳೆ ಹೋಳಿಗೆ, ಇನ್ನೊಂದರಲ್ಲಿ ಶೇಂಗಾ ಹೋಳಿಗೆ. ನನಗೆ ಬೇಳೆಯದೇ ಇಷ್ಟ. ಅದನ್ನು ತುಂಬಿಕೊಳ್ಳಲು ಹೋದರೆ ಅವ್ವ ಡಬ್ಬಿ ಕಸಿದುಕೊಂಡಳು.

"ಅದು ಬ್ಯಾಡ. ಬಿಸಲಾಗ ಹಳಸ್ತೈತಿ. ಶೇಂಗಾ ಹೋಳಿಗಿ ಒಯ್ಯಿ."

"ಎರಡೂ ಹೋಳಿಗೀನ ಅಲ್ಲೇನ ಬೇ?"

"ಹೌದು. ಒಂದು ಮನಿಗೆ, ಒಂದು ಹಾದಿಗೆ."

ಹುಬ್ಬಳ್ಳಿ ಬಿಟ್ಟು ಗದಗ ದಾಟಿ, ಗಾಡಿ ಡಂಬಳದ ಕಡೆ ತಿರುಗಿದರೂ ಈ ಮಾತು ತಲೆಯಲ್ಲೇ ಕೂತಿತ್ತು. ಎರಡರಲ್ಲೂ ಬೆಲ್ಲ ಇದೆ, ಎರಡಕ್ಕೂ ಕಣಕ ಇದೆ, ಎರಡನ್ನೂ ಹಂಚಿನ ಮೇಲೆ ಬೇಯಿಸುತ್ತಾರೆ. ಒಂದು ಮರುದಿನಕ್ಕೇ ವಾಸನೆ ಹೊಡೆಯುತ್ತದೆ, ಇನ್ನೊಂದು ಹದಿನೈದು ದಿನ ಇಟ್ಟರೂ ಏನೂ ಆಗುವುದಿಲ್ಲ. ಯಾಕೆ? ಇದರ ಉತ್ತರ ಗೊತ್ತಾದರೆ ಗುಡ್ಡಕ್ಕೆ ಏನು ಒಯ್ಯಬೇಕು ಅನ್ನುವ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಬಗೆಹರಿದ ಹಾಗೆ.

ತಿಂಡಿ ಕೆಡುವುದು ಅಂದರೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಬೂಸ್ಟು ಎಲ್ಲ ಅದನ್ನು ನಮಗಿಂತ ಮೊದಲೇ ತಿನ್ನಲು ಕೂರುವುದು. ತಿಂದು ಬೆಳೆಯಲು ಅವಕ್ಕೂ ನೀರು ಬೇಕು. ಆದರೆ ಎಲ್ಲ ನೀರೂ ಅವಕ್ಕೆ ದಕ್ಕುವುದಿಲ್ಲ. ಬೆಲ್ಲ, ಸಕ್ಕರೆ, ಉಪ್ಪು ಇವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗೆ ಹಿಡಿದಿಟ್ಟ ನೀರು ತಿಂಡಿಯಲ್ಲೇ ಇದ್ದರೂ ಬ್ಯಾಕ್ಟೀರಿಯಾಕ್ಕೆ ಇಲ್ಲದ ಲೆಕ್ಕ. ಯಾರ ಹಿಡಿತದಲ್ಲೂ ಇಲ್ಲದ ಬಿಡಿ ನೀರು ಎಷ್ಟಿದೆ ಅನ್ನುವುದೇ ಮುಖ್ಯ. ಇದನ್ನು ಅಳೆಯಲು ಆಹಾರ ವಿಜ್ಞಾನದವರು ವಾಟರ್ ಆಕ್ಟಿವಿಟಿ ಅಂತ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಬರೀ ನೀರಿಗೆ 1. ಅದು 0.9ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಬ್ಯಾಕ್ಟೀರಿಯಾ ಕೈಚೆಲ್ಲುತ್ತವೆ. ಬೂಸ್ಟು ಇನ್ನೂ ಸ್ವಲ್ಪ ದೂರ ಬರುತ್ತದೆ. 0.6ಕ್ಕಿಂತ ಕೆಳಗೆ ಯಾವುದೂ ಬೆಳೆಯುವುದಿಲ್ಲ.

ಈಗ ಹೂರಣ ನೋಡಿ. ಕಡಲೆಬೇಳೆ ಬೇಯುವಾಗ ನೀರು ಕುಡಿದು ಉಬ್ಬುತ್ತದೆ, ತೂಕ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ. ಅದನ್ನು ಬಸಿದು, ಬೆಲ್ಲ ಹಾಕಿ ಕುದಿಸಿ ರುಬ್ಬಿದರೂ ಒಳಗೆ ಬೇಕಾದಷ್ಟು ಬಿಡಿ ನೀರು ಉಳಿದಿರುತ್ತದೆ. ಅಷ್ಟನ್ನೂ ಹಿಡಿದಿಡಲು ಹಾಕಿದ ಬೆಲ್ಲ ಸಾಲುವುದಿಲ್ಲ. ಶೇಂಗಾ ಹೋಳಿಗೆಯ ಕತೆ ಬೇರೆ. ಶೇಂಗಾ ಹುರಿದು ಸಿಪ್ಪೆ ತೆಗೆದು ಪುಡಿ ಮಾಡುತ್ತಾರೆ. ಹುರಿಯುವಾಗಲೇ ಇದ್ದ ಪಸೆ ಹೋಗಿರುತ್ತದೆ. ಅದಕ್ಕೆ ಬೆಲ್ಲ, ಯಾಲಕ್ಕಿ ಬೆರೆಸಿ, ಉಂಡೆ ಕಟ್ಟಲು ಬರುವಷ್ಟು ಮಾತ್ರ ನೀರು ಚಿಮುಕಿಸುತ್ತಾರೆ. ಆ ನಾಲ್ಕು ಹನಿಯನ್ನೂ ಬೆಲ್ಲ ಹಿಡಿದುಕೊಂಡುಬಿಡುತ್ತದೆ. ಆಮೇಲೆ ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಬೇಯಿಸುತ್ತಾರೆ. ಬ್ಯಾಕ್ಟೀರಿಯಾ ಬಂದರೂ ಉಪವಾಸ.

ನಮ್ಮ ಕಡೆ ಇದು ಹೊಸ ಜ್ಞಾನ ಏನಲ್ಲ. ಉಳವಿ ಜಾತ್ರೆಗೆ ಧಾರವಾಡ, ಹಾವೇರಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಹೋಗುವವರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವವರು, ಶ್ರೀಶೈಲದ ಪಾದಯಾತ್ರೆಯವರು, ಇವರೆಲ್ಲ ಒಯ್ಯುವುದು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಉಂಡಿ, ಚುರುಮುರಿ. ಟ್ರೆಕ್ಕಿಂಗ್ ಅನ್ನುವ ಹೆಸರು ಬರುವ ಮೊದಲೇ ಟ್ರೆಕ್ಕಿಂಗ್ ತಿಂಡಿ ತಯಾರಿತ್ತು. ಹೆಸರು ಮಾತ್ರ ಬುತ್ತಿ.

ಹಾಗಾದರೆ ಒಣ ತಿಂಡಿ ಒಯ್ಯಬೇಕು ಅನ್ನುವುದು ಕೆಡಬಾರದು ಅನ್ನುವುದಕ್ಕಷ್ಟೇನಾ? ಇಲ್ಲ, ಬೆನ್ನಿನ ಲೆಕ್ಕವೂ ಇದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ, ಸಕ್ಕರೆ ಮತ್ತು ಹಿಟ್ಟಿನಲ್ಲಿ 4, ಪ್ರೋಟೀನಿನಲ್ಲೂ 4, ನೀರಿನಲ್ಲಿ ಸೊನ್ನೆ. (ಸರಿಯಾಗಿ ಹೇಳಬೇಕಂದರೆ ಕಿಲೋಕ್ಯಾಲೊರಿ. ಆದರೆ ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ.) ನಿಮಗೆ 500 ಕ್ಯಾಲೊರಿ ಬೇಕು ಅಂತ ಇಟ್ಟುಕೊಳ್ಳಿ. ಹುರಿದ ಶೇಂಗಾ ಆದರೆ 90 ಗ್ರಾಂ ಕೂಡ ಬೇಡ, ಎರಡು ಮೂರು ಹಿಡಿ ಸಾಕು. ಬೆಲ್ಲ ಆದರೆ 130 ಗ್ರಾಂ. ಬಾಳೆಹಣ್ಣು ಆದರೆ ಐದು, ಸಿಪ್ಪೆ ಸೇರಿ ಮುಕ್ಕಾಲು ಕಿಲೋ. ಸೌತೆಕಾಯಿ ಆದರೆ ಮೂರು ಕಿಲೋ ಮೇಲೆ. ಸೌತೆಕಾಯಿ ಹೊರುವುದು ಅಂದರೆ ನೀರು ಹೊರುವುದೇ, ಅದರಲ್ಲಿ ನೂರಕ್ಕೆ 95 ಪಾಲು ನೀರು. ಅದಕ್ಕೇ ನಾನು ಹೇಳುವುದು: ನೀರನ್ನು ಬಾಟಲಿಯಲ್ಲಿ ಹೊರಿ, ತಿಂಡಿಯೊಳಗೆ ಹೊರಬೇಡಿ.

ಇಷ್ಟು ಹೇಳಿದ ಮೇಲೂ ನನ್ನ ಚೀಲದಲ್ಲಿ ಎರಡು ಸೌತೆಕಾಯಿ ಇದ್ದೇ ಇರುತ್ತವೆ. ಬಿಸಿಲಲ್ಲಿ ಹತ್ತಿ ಬಂದು ಕೂತಾಗ ಉಪ್ಪು ಹಚ್ಚಿ ಕಚ್ಚುವ ಆ ಸುಖಕ್ಕೆ ಕ್ಯಾಲೊರಿ ಕೇಳಬಾರದು.

ಇನ್ನು ಮೈಯೊಳಗೆ ಏನು ನಡೆಯುತ್ತದೆ ನೋಡೋಣ. ಚೀಲ ಹೊತ್ತು ಏರು ಹತ್ತುವ ಸಾಮಾನ್ಯ ಮೈಕಟ್ಟಿನವರಿಗೆ ಗಂಟೆಗೆ 400 ಕ್ಯಾಲೊರಿಯ ಆಸುಪಾಸು ಖರ್ಚಾಗುತ್ತದೆ. ಅದು ಎರಡು ಖಜಾನೆಯಿಂದ ಬರುತ್ತದೆ. ಒಂದು ಕೊಬ್ಬು. ಎಷ್ಟೇ ತೆಳ್ಳಗಿದ್ದವರಲ್ಲೂ ದಿನಗಟ್ಟಲೆ ನಡೆಯುವಷ್ಟು ಇರುತ್ತದೆ, ಆದರೆ ನಿಧಾನಕ್ಕೆ ಉರಿಯುತ್ತದೆ. ಇನ್ನೊಂದು ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಇದು ಬೇಗ ಉರಿಯುತ್ತದೆ, ಬೇಗ ಖಾಲಿಯೂ ಆಗುತ್ತದೆ. ಸಮತಟ್ಟಾದ ಹಾದಿಯಲ್ಲಿ ಮಾತಾಡಿಕೊಂಡು ನಡೆಯುವಾಗ ಮೈ ಕೊಬ್ಬನ್ನು ಜಾಸ್ತಿ ಬಳಸುತ್ತದೆ. ಏದುಸಿರು ಬರುವ ಏರಿನಲ್ಲಿ ಸಕ್ಕರೆಗೆ ಕೈ ಹಾಕುತ್ತದೆ. ಇಡೀ ರಕ್ತದಲ್ಲಿ ಯಾವಾಗಲೂ ಓಡಾಡಿಕೊಂಡಿರುವ ಸಕ್ಕರೆ ಎಷ್ಟು ಗೊತ್ತಾ? ಸುಮಾರು 5 ಗ್ರಾಂ, ಒಂದು ಚಹಾ ಚಮಚ. ಯಕೃತ್ತು ಅದನ್ನು ಆಗಾಗ ತುಂಬಿಸುತ್ತಾ ಇರುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಬಂದವರಲ್ಲಿ ಯಕೃತ್ತಿನ ಖಜಾನೆ ರಾತ್ರಿಯೇ ಅರ್ಧ ಬರಿದಾಗಿರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಕಾಲು ಸೋಲುವುದು, ಕೈ ನಡುಗುವುದು, ಸುಮ್ಸುಮ್ನೆ ಸಿಟ್ಟು ಬರುವುದು ಶುರು. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯನಿದ್ದಾನೆ. ಅವನು ಜಗಳ ತೆಗೆದ ಅಂದರೆ ನಾವು ಉತ್ತರ ಕೊಡುವುದಿಲ್ಲ, ಬೆಲ್ಲ ಕೊಡುತ್ತೇವೆ.

ಹಾಗಂತ ಬರೀ ಬೆಲ್ಲ ತಿಂದರೆ ಅರ್ಧ ತಾಸಿಗೆ ಮತ್ತೆ ಹಸಿವು. ಬರೀ ಶೇಂಗಾ ತಿಂದರೆ ಹೊಟ್ಟೆ ಭಾರ. ಕೊಬ್ಬು ಹೊಟ್ಟೆಯಿಂದ ಮುಂದೆ ಹೋಗಲು ತಾಸುಗಟ್ಟಲೆ ಹಿಡಿಯುತ್ತದೆ, ಏರಿನಲ್ಲಿ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ಎರಡನ್ನೂ ಸೇರಿಸಿದರೆ ಬೆಲ್ಲ ಈಗಿನ ಏರಿಗೆ, ಶೇಂಗಾ ಮುಂದಿನ ಎರಡು ತಾಸಿಗೆ. ಶೇಂಗಾ ಉಂಡಿ, ಚಿಕ್ಕಿ, ಎಳ್ಳುಂಡಿ, ಅಂಟಿನ ಉಂಡಿ ಎಲ್ಲದರ ಗುಟ್ಟು ಇದೇ. ಅಂಟಿನ ಉಂಡಿ ಬಾಣಂತಿಗೆ ಅಂತ ಮಾಡಿದ್ದರೂ ಗುಡ್ಡಕ್ಕೆ ಅದರಂಥದ್ದು ಇಲ್ಲ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಅರಳಿದ ಅಂಟು, ಅಷ್ಟೂ ಒಂದು ಮುಷ್ಟಿಯಲ್ಲಿ. ಒಂದು ತಿಂದರೆ ಹನ್ನೊಂದು ಗಂಟೆವರೆಗೆ ಮಾತಿಲ್ಲ. ಆದರೆ ತುಪ್ಪ ಧಾರಾಳವಾಗಿ ಹಾಕಿದ್ದರೆ ಏಪ್ರಿಲ್ ಬಿಸಿಲಿಗೆ ಉಂಡಿ ಡಬ್ಬಿಯಲ್ಲೇ ಕುಸಿಯುತ್ತದೆ. ಅದು ಚಳಿಗಾಲದ ಗೆಳೆಯ.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ ಹಸಿವಾಗುವವರೆಗೆ ಕಾದು ಒಮ್ಮೆಗೇ ಹೊಟ್ಟೆ ಬಿರಿಯೆ ಉಣ್ಣುವುದು. ಉಂಡ ಮೇಲೆ ರಕ್ತ ಹೊಟ್ಟೆ ಕಡೆ ಓಡುತ್ತದೆ, ಹತ್ತುವಾಗ ಕಾಲೂ ಅದನ್ನೇ ಕೇಳುತ್ತದೆ. ಇಬ್ಬರಿಗೂ ಸಾಲುವುದಿಲ್ಲ. ಮುಕ್ಕಾಲು ತಾಸಿಗೊಮ್ಮೆ ಒಂದು ಉಂಡಿ, ಇಲ್ಲ ಒಂದು ಹಿಡಿ ಪುಟಾಣಿ-ಬೆಲ್ಲ ಬಾಯಿಗೆ ಹಾಕಿಕೊಂಡು ನಡೆಯುವುದು ವಾಸಿ. ಊಟದ ಹೆಸರಲ್ಲಿ ಉಣ್ಣುವುದು ಇಳಿದ ಮೇಲೆ ಇದ್ದೇ ಇದೆ.

ಖಡಕ್ ರೊಟ್ಟಿಗೆ ಬರೋಣ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆದರೆ ಎಳೆಯುವ ಜಿಗುಟು ಗ್ಲುಟೆನ್ ಇಲ್ಲ. ಬಿಸಿನೀರು ಹಾಕಿ ನಾದಿದಾಗ ಪಿಷ್ಟ ಸ್ವಲ್ಪ ಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ, ಅಷ್ಟೇ. ಅದನ್ನು ಬಡಿದು ತೆಳ್ಳಗೆ ಮಾಡಿ, ಬೇಯಿಸಿ, ಪಸೆ ಪೂರ್ತಿ ಹೋಗುವ ಹಾಗೆ ಒಣಗಿಸಿದರೆ ಹಪ್ಪಳದ ಹಾಗೆ ನಿಲ್ಲುತ್ತದೆ. ತಿಂಗಳಾದರೂ ಕೆಡುವುದಿಲ್ಲ. ಗುಡ್ಡದ ಮೇಲೆ ಇದಕ್ಕೆ ಇರುವ ಒಂದೇ ದೋಷ, ಚೀಲದಲ್ಲಿ ಇಟ್ಟು ಒರಗಿದರೆ ಚೂರುಚೂರು. ನಾನು ಅಡ್ಡಕ್ಕೆ ನಾಲ್ಕು ತುಂಡು ಮಾಡಿ, ಹತ್ತಿ ಅರಿವೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ. ಮೇಲೆ ಒಂದು ಚಮಚ ಶೇಂಗಾ ಹಿಂಡಿ, ಬೆರಳಿನಿಂದ ಗುಳಿ ಮಾಡಿ ನಾಲ್ಕು ಹನಿ ಎಣ್ಣೆ, ಮಗ್ಗುಲಿಗೆ ಜಜ್ಜಿದ ಉಳ್ಳಾಗಡ್ಡಿ. ಹಿಂಡಿಯ ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಳಸಿದ್ದರೆ ಒಳ್ಳೆಯದು. ಅದು ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಕಡಿಮೆ. ನೀರು ಅಳೆದು ಕುಡಿಯಬೇಕಾದ ಜಾಗದಲ್ಲಿ ಬಾಯಿ ಉರಿಸಿಕೊಂಡು ಅರ್ಧ ಬಾಟಲಿ ಖಾಲಿ ಮಾಡಬಾರದಲ್ವಾ?

ಒಣ ತಿಂಡಿ ಅಂದಮೇಲೆ ನೀರು ಬೇಡುತ್ತದೆ, ಇದನ್ನು ಮರೆಯಬೇಡಿ. ನಾಲ್ಕೈದು ತಾಸಿನ ಚಾರಣಕ್ಕೆ ಬಿಸಿಲಿದ್ದರೆ ತಲೆಗೆ ಎರಡೂವರೆ, ಮೂರು ಲೀಟರ್ ಇರಲಿ. ದಾರಿಯಲ್ಲಿ ಸಿಗುತ್ತದೆ ಅಂತ ನಂಬಿ ಹೊರಡಬೇಡಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಟೋಪಿ ಒಣಗಿದ ಮೇಲೆ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದಲ್ಲ, ಅದೇ ಅದು. ದಿನವಿಡೀ ಬೆವರು ಸುರಿಸಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು. ಖಾರಾ, ಚೂಡಾ, ಹಿಂಡಿ, ಉಪ್ಪಿನಕಾಯಿ ಇಲ್ಲಿ ಕೆಲಸಕ್ಕೆ ಬರುತ್ತವೆ. ಹಾವೇರಿ ಕಡೆಯವರು ಸವಣೂರಿನ ಖಾರಾ ತರುತ್ತಾರೆ. ಅವರ ಜೊತೆ ನಡೆಯುವಾಗ ನಾನು ಸ್ವಲ್ಪ ಹತ್ತಿರವೇ ಇರುತ್ತೇನೆ. ಯಾರಿಗಾದರೂ ನಿಜಕ್ಕೂ ಸುಸ್ತಾದರೆ ಖಾರಾ ಸಾಲದು. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಸಕ್ಕರೆ ಇಲ್ಲಿ ರುಚಿಗಲ್ಲ. ಕರುಳಿನಲ್ಲಿ ಉಪ್ಪು ಮತ್ತು ಸಕ್ಕರೆ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ.

ಈಗ ನನ್ನದೇ ಒಂದು ಫಜೀತಿ. ಮೊದಲ ಸಲ ಹೋದಾಗ ಚಪಾತಿ, ಬಟಾಟಿ ಪಲ್ಯ ಒಯ್ದಿದ್ದೆ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಮೇಲೆ ಹೋಗಿ ತೆರೆದರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿತ್ತು, ಚಪಾತಿ ಒದ್ದೆ ಅರಿವೆಯ ಹಾಗಿತ್ತು, ಪಲ್ಯದಿಂದ ಹುಳಿ ವಾಸನೆ. ಬಿಸಿ ಚಪಾತಿಯಿಂದ ಹೊರಟ ಆವಿ ಹೋಗಲು ಜಾಗ ಇಲ್ಲದೆ ಮುಚ್ಚಳಕ್ಕೆ ಬಡಿದು ನೀರಾಗಿ ಮತ್ತೆ ಕೆಳಗೇ ಬಿದ್ದಿತ್ತು. ನಾನೇ ಕೈಯಾರೆ ಬಿಡಿ ನೀರು ಸುರಿದ ಹಾಗೆ. ಜೊತೆಗೆ ಬೆಚ್ಚಗಿನ ಡಬ್ಬಿ ಬ್ಯಾಕ್ಟೀರಿಯಾಕ್ಕೆ ತೊಟ್ಟಿಲು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಸರಾಗವಾಗಿ ಬೆಳೆಯುತ್ತವೆ, ಬಿಸಿಲಿಗೆ ಒಡ್ಡಿದ ಚೀಲ ಸರಿಯಾಗಿ ಆ ನಡುವಿನಲ್ಲೇ ಇರುತ್ತದೆ. ಅವತ್ತು ಊಟ ಅಂದರೆ ಪಕ್ಕದವರು ಕೊಟ್ಟ ಚುರುಮುರಿ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಎದ್ದು ಬೆಳೆದು, ವಾಂತಿ ತರುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಚಿತ್ರಾನ್ನ ನನ್ನ ಪಟ್ಟಿಯಲ್ಲಿಲ್ಲ.

ಹಾಗಿದ್ದರೆ ನಮ್ಮ ಹಿರಿಯರು ಮೊಸರು ಬುತ್ತಿ ಕಟ್ಟುತ್ತಿದ್ದದ್ದು ಹೇಗೆ? ಅದರಲ್ಲಿ ಒಂದು ಜಾಣತನ ಇದೆ. ಅನ್ನವನ್ನು ಮೆತ್ತಗೆ ಮಾಡಿ, ಆರಿಸಿ, ಕಾಯಿಸಿ ಆರಿದ ಹಾಲು ಹಾಕಿ ಕಲಸಿ, ಮೇಲೆ ಒಂದೆರಡು ಚಮಚ ಮೊಸರು ಹಾಕುತ್ತಾರೆ. ಹಾದಿಯಲ್ಲಿ ಹೋಗ್ತಾ ಹೋಗ್ತಾ ಹಾಲು ಹೆಪ್ಪುಗಟ್ಟಿ, ಉಣ್ಣುವ ಹೊತ್ತಿಗೆ ಹದವಾದ ಮೊಸರನ್ನ. ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಕೆಟ್ಟವು ಬೆಳೆಯುವುದು ಕಷ್ಟ. ಬಸ್ಸಿನಲ್ಲಿ ಸೀಟು ಹಿಡಿಯಲು ಟವೆಲ್ ಹಾಕುತ್ತಾರಲ್ಲ, ಹಾಗೆ. ಆದರೂ ಇದನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡಿ. ಮೊಸರು ಕಡಿಮೆ ಬಿದ್ದು ಹೆಪ್ಪಾಗದೆ ಉಳಿದಿದ್ದರೆ ತಿನ್ನುವುದೇ ಬೇಡ.

ಧಾರವಾಡದವರನ್ನು ಕರೆದುಕೊಂಡು ಹೋದರೆ ಪೇಡಾ ಬಂದೇ ಬರುತ್ತದೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ತಿಂಡಿ, ಬೇಡ ಅನ್ನುವ ಧೈರ್ಯ ಯಾರಿಗಿದೆ? ಹಾಲನ್ನು ಬತ್ತಿಸಿ, ಖವಾ ಕಂದು ಬಣ್ಣಕ್ಕೆ ತಿರುಗುವವರೆಗೆ ಸಕ್ಕರೆ ಜೊತೆ ಬಾಡಿಸಿರುತ್ತಾರೆ. ಪಸೆ ಕಡಿಮೆ, ಸಕ್ಕರೆ ಜಾಸ್ತಿ, ಅದಕ್ಕೇ ಹಾಲಿನ ಬೇರೆ ಸಿಹಿಗಳಿಗಿಂತ ತಾಳುತ್ತದೆ. ಆದರೆ ಒಣಗಿದ ಬಾಯಿಗೆ ಅಂಟುತ್ತದೆ, ನೀರು ಕೇಳುತ್ತದೆ. ತುದಿ ತಲುಪಿದ ಮೇಲೆ ತಲೆಗೊಂದು ಅಂತ ಹಂಚಿದರೆ ಸರಿ.

ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುವವರೂ ಇದ್ದಾರೆ. ಅವರಿಗೆ ಒಂದು ಮಾತು. ನೀರು ಯಾವಾಗಲೂ ಹಸಿ ಇರುವ ಕಡೆಯಿಂದ ಒಣ ಇರುವ ಕಡೆಗೆ ಹೋಗುತ್ತದೆ, ಎರಡೂ ಸಮ ಆಗುವವರೆಗೆ. ಭಜಿಯ ಹೊರಗೆ ಗರಿ, ಒಳಗೆ ಹಸಿ ಮೆಣಸಿನಕಾಯಿ. ಅರ್ಧ ತಾಸಿನಲ್ಲಿ ಒಳಗಿನ ನೀರು ಹೊರಗೆ ಬಂದು ಗರಿ ಹೋಗಿ ರಬ್ಬರ್ ಆಗುತ್ತದೆ. ಇದೇ ಕಾರಣಕ್ಕೆ ಖಡಕ್ ರೊಟ್ಟಿ ಮತ್ತು ಪಲ್ಯ, ಚೂಡಾ ಮತ್ತು ಬಾಳೆಹಣ್ಣು, ಇವನ್ನು ಒಂದೇ ಡಬ್ಬಿಯಲ್ಲಿ ಇಡಬಾರದು.

ಗಿರಮಿಟ್‌ಗೂ ಇದೇ ಕಾಟ, ಆದರೆ ಅದಕ್ಕೆ ದಾರಿ ಇದೆ. ಬಿಡಿಬಿಡಿಯಾಗಿ ಒಯ್ಯಿರಿ. ಚುರುಮುರಿ ಒಂದು ಚೀಲದಲ್ಲಿ. ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ಪುಟಾಣಿ ಹಿಟ್ಟು ಸಣ್ಣ ಡಬ್ಬಿಯಲ್ಲಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಚೂರು ಬೆಲ್ಲ ಹಾಕಿ ಎಣ್ಣೆಯಲ್ಲಿ ನೀರು ಆರುವವರೆಗೆ ಬಾಡಿಸಿದ ಒಗ್ಗರಣೆ, ಪೂರ್ತಿ ಆರಿಸಿ, ಇನ್ನೊಂದು ಡಬ್ಬಿಯಲ್ಲಿ. ಟೊಮೆಟೊ ಹಾಕಬೇಡಿ, ಪಸೆ ಬಿಡುತ್ತದೆ. ಕೊತ್ತಂಬರಿ, ಹಸಿ ಉಳ್ಳಾಗಡ್ಡಿ ಹೆಚ್ಚುವುದು ಅಲ್ಲೇ. ಕಲಸಿ ಐದು ನಿಮಿಷದಲ್ಲಿ ತಿಂದು ಮುಗಿಸಬೇಕು. ನಾಲ್ಕು ಜನ ಇದ್ದರೆ ಮುಗಿಯುವುದಕ್ಕೆ ಅಷ್ಟು ಹೊತ್ತೂ ಬೇಡ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿಕೊಂಡು ಸುಮಾರು 244 ಚದರ ಕಿಲೋಮೀಟರ್ ಇದೆ. ಔಷಧಿ ಸಸ್ಯಗಳಿಗೆ ಹೆಸರಾದ ಜಾಗ, ತೋಳ, ಕತ್ತೆಕಿರುಬ ಇರುವ ಜಾಗ. ಹೋಗುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅಲ್ಲಿ ಒಲೆ ಹೂಡುವ ಮಾತೇ ಬೇಡ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮಂಗಗಳಿಗೆ ಉಂಡಿ ಹಾಕುವ ಪುಣ್ಯವೂ ಬೇಡ. ಒಮ್ಮೆ ರುಚಿ ಹತ್ತಿದರೆ ಮುಂದೆ ಬರುವವರ ಚೀಲಕ್ಕೇ ಕೈ ಹಾಕುತ್ತವೆ. ಬಾಳೆಸಿಪ್ಪೆ ಮಣ್ಣಾಗುತ್ತದೆ ಅಂತ ಎಸೆಯುವವರು ಇದ್ದಾರೆ. ಒಣ ಗುಡ್ಡದಲ್ಲಿ ಅದು ಬೇಗ ಕೊಳೆಯುವುದಿಲ್ಲ, ಕರ್ರಗಾಗಿ ಅಲ್ಲೇ ಬಿದ್ದಿರುತ್ತದೆ. ಶೇಂಗಾ ಉಂಡಿಯ ಒಳ್ಳೆಯ ಗುಣ ಅಂದರೆ ಸಿಪ್ಪೆ ಇಲ್ಲ, ಪ್ಯಾಕೆಟ್ಟೂ ಇಲ್ಲ. ಡಬ್ಬಿ ಖಾಲಿ, ಕೆಲಸ ಮುಗೀತು.

ಇನ್ನೊಂದು ಉಳಿಯಿತು. ಕಪ್ಪತಗುಡ್ಡದ ಮೇಲೆ ಗಾಳಿ ಜೋರು. ಸಾಲುಸಾಲಾಗಿ ಗಾಳಿಯಂತ್ರಗಳನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಚುರುಮುರಿಗೆ ತೂಕ ಅನ್ನುವುದೇ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ಹೋದ ಸಲ ಚೀಲದ ಬಾಯಿ ಬಿಚ್ಚಿದ್ದೇ ತಡ, ಅರ್ಧ ಚುರುಮುರಿ ಮುಂಡರಗಿ ಕಡೆ ಹಾರಿಹೋಯಿತು. ಹಾಗಾಗಿ ಮೊದಲು ಒಂದು ದೊಡ್ಡ ಬಂಡೆಯ ಮರೆ ಹುಡುಕಿ, ಗಾಳಿಗೆ ಬೆನ್ನು ಕೊಟ್ಟು ಕೂಡಿ. ಪಾತ್ರೆಗೆ ಒಗ್ಗರಣೆ ಮೊದಲು ಹಾಕಿ, ಆಮೇಲೆ ಚುರುಮುರಿ.